ಹೊಸ ವೆಬ್‌ಸೈಟ್ ಗೂಗಲ್‌ನಲ್ಲಿ ಯಾಕೆ ಕಾಣಿಸಲ್ಲ?

 

ಇವತ್ತಿನ ಪ್ರಶ್ನೆ ಇದು: ಹೊಸ ವೆಬ್‌ಸೈಟ್‌ಗಳು ಗೂಗಲ್ ಸರ್ಚ್‌ನಲ್ಲಿ ಮೇಲೆ ಬರೋಕೆ ಯಾಕಿಷ್ಟು ಒದ್ದಾಡ್ತವೆ?

ಸಾಮಾನ್ಯವಾಗಿ ಆಗೋದು ಹೀಗೆ. ಡೊಮೇನ್ ತಗೊಂಡಿರ್ತೀರಿ, ಹೋಸ್ಟಿಂಗ್‌ಗೆ ದುಡ್ಡು ಕಟ್ಟಿರ್ತೀರಿ, ರಾತ್ರಿ ನಿದ್ದೆಗೆಟ್ಟು ಸೈಟ್ ಕಟ್ಟಿರ್ತೀರಿ. ಹತ್ತು–ಹನ್ನೆರಡು ಪುಟ ಹಾಕಿ ಆಗಿರುತ್ತೆ. ಎರಡು ತಿಂಗಳು ಬಿಟ್ಟು ಹುಡುಕಿದ್ರೆ ಮೊದಲ ಪುಟದಲ್ಲಿ ಇಲ್ಲ, ಐದನೇ ಪುಟದಲ್ಲೂ ಇಲ್ಲ. ಅಷ್ಟು ಹೊತ್ತಿಗೆ ಒಂದು ಫೋನ್ ಬರುತ್ತೆ. ‘ಹದಿನೈದು ಸಾವಿರ ಕೊಡಿ, ಏಳೇ ದಿನದಲ್ಲಿ ಗೂಗಲ್ ಫಸ್ಟ್ ಪೇಜ್, ಗ್ಯಾರಂಟಿ!’

ಇಲ್ಲಿ ಎಷ್ಟೋ ಜನ ಎರಡರಲ್ಲಿ ಒಂದು ಮಾಡ್ತಾರೆ. ‘ನಂದು ಯಾರಿಗೂ ಬೇಡ’ ಅಂತ ಸೈಟ್ ಮುಚ್ಚಿಬಿಡ್ತಾರೆ. ಇಲ್ಲಾ, ಆ ಹದಿನೈದು ಸಾವಿರ ಕೊಟ್ಟುಬಿಡ್ತಾರೆ. ಸರ್ಚ್ ಹೇಗೆ ಕೆಲಸ ಮಾಡುತ್ತೆ ಅಂತ ಸ್ವಲ್ಪ ಗೊತ್ತಿದ್ರೆ ಎರಡನ್ನೂ ತಪ್ಪಿಸಬಹುದು. ಅದಕ್ಕೇ ಈ ಸಂಚಿಕೆ.

ಮಾತಿಗೊಂದು ಉದಾಹರಣೆ ಇಟ್ಕೊಳ್ಳೋಣ. ಹಾವೇರಿ ಜಿಲ್ಲೆಯ ಒಬ್ಬ ಯುವತಿ ಮನೆಯಿಂದಲೇ ಬ್ಯಾಡಗಿ ಮೆಣಸಿನಕಾಯಿ, ಖಾರದ ಪುಡಿ ಮಾರೋಕೆ ವೆಬ್‌ಸೈಟ್ ಶುರು ಮಾಡಿದ್ರು ಅಂತ ಅಂದ್ಕೊಳ್ಳಿ. ಇದು ಕಲ್ಪನೆ. ಆದ್ರೆ ಇಂಥವರು ನಮ್ಮ ನಡುವೆ ಬೇಕಾದಷ್ಟು ಜನ ಇದ್ದಾರೆ. ಅವರ ಸೈಟ್‌ಗೆ ಏನಾಗುತ್ತೆ ಅಂತ ಹಂತ ಹಂತವಾಗಿ ನೋಡೋಣ.

ಮೊದಲು, ಗೂಗಲ್‌ಗೆ ನೀವು ಇರೋದು ಗೊತ್ತಾ?

ನಾವು ಗೂಗಲ್‌ನಲ್ಲಿ ಏನಾದ್ರೂ ಹುಡುಕಿದಾಗ ಅದು ಆ ಕ್ಷಣಕ್ಕೆ ಇಡೀ ಇಂಟರ್‌ನೆಟ್ ಜಾಲಾಡಲ್ಲ. ಮೊದಲೇ ಓದಿ ಇಟ್ಕೊಂಡಿರೋ ತನ್ನದೇ ಒಂದು ದೊಡ್ಡ ಪಟ್ಟಿಯಲ್ಲಿ ಹುಡುಕುತ್ತೆ. ಆ ಪಟ್ಟಿಗೆ ಇಂಡೆಕ್ಸ್ ಅಂತಾರೆ. ಪಟ್ಟಿಯಲ್ಲಿ ನಿಮ್ಮ ಪುಟ ಇಲ್ಲ ಅಂದ್ರೆ ಸ್ಪರ್ಧೆಯಲ್ಲೇ ನೀವಿಲ್ಲ.

ಪಟ್ಟಿ ತಯಾರಾಗೋದು ಹೇಗೆ? ಗೂಗಲ್‌ಬಾಟ್ ಅನ್ನೋ ಪ್ರೋಗ್ರಾಂ ಒಂದು ಪುಟದಿಂದ ಇನ್ನೊಂದಕ್ಕೆ ಲಿಂಕ್ ಹಿಡ್ಕೊಂಡು ಹೋಗ್ತಾ ಇರುತ್ತೆ. ಸಿಕ್ಕ ಪುಟವನ್ನು ಓದುತ್ತೆ, ಇಟ್ಕೊಳ್ಳಬೇಕಾ ಬೇಡವಾ ಅಂತ ನಿರ್ಧರಿಸುತ್ತೆ. ಹಳೇ ಸೈಟ್‌ಗೆ ನೂರಾರು ಕಡೆಯಿಂದ ಲಿಂಕ್ ಇರುತ್ತೆ. ಹಾಗಾಗಿ ಗೂಗಲ್‌ಬಾಟ್ ಪದೇ ಪದೇ ಅಲ್ಲಿಗೆ ಹೋಗುತ್ತೆ. ಹೊಸ ಸೈಟ್‌ಗೆ ಯಾವ ಕಡೆಯಿಂದಲೂ ದಾರಿ ಇಲ್ಲ. ಅದು ಕಣ್ಣಿಗೆ ಬೀಳೋಕೇ ದಿನಗಳು, ಕೆಲವು ಸಲ ವಾರಗಳು ಬೇಕು.

ಇದಕ್ಕೆ ಪರಿಹಾರ ಸುಲಭ, ಪುಕ್ಕಟೆ ಕೂಡ. ಗೂಗಲ್ ಸರ್ಚ್ ಕನ್ಸೋಲ್ ಅನ್ನೋ ಸೇವೆ ಇದೆ. ಅಲ್ಲಿ ನಿಮ್ಮ ಸೈಟ್ ಸೇರಿಸಿ, ಸೈಟ್‌ಮ್ಯಾಪ್ ಅಂದ್ರೆ ನಿಮ್ಮ ಎಲ್ಲ ಪುಟಗಳ ಪಟ್ಟಿ ಕೊಡಿ. ಯಾವ ಪುಟ ಇಂಡೆಕ್ಸ್ ಆಗಿದೆ, ಯಾವುದು ಆಗಿಲ್ಲ, ಯಾಕಾಗಿಲ್ಲ ಅಂತ ಅದೇ ತೋರಿಸುತ್ತೆ.

ಇನ್ನೊಂದು ವಿಷಯ ಪರೀಕ್ಷಿಸಿ. ವರ್ಡ್‌ಪ್ರೆಸ್ ಬಳಸ್ತಿದ್ರೆ ಸೆಟ್ಟಿಂಗ್ಸ್‌ನಲ್ಲಿ ‘ರೀಡಿಂಗ್’ ಅನ್ನೋ ಕಡೆ ಹೋಗಿ. ಸರ್ಚ್ ಎಂಜಿನ್‌ಗಳು ಈ ಸೈಟ್ ಇಂಡೆಕ್ಸ್ ಮಾಡೋದು ಬೇಡ ಅಂತ ಹೇಳೋ ಒಂದು ಟಿಕ್ ಬಾಕ್ಸ್ ಅಲ್ಲಿದೆ. ಸೈಟ್ ಕಟ್ಟುವಾಗ ಯಾರೋ ಅದನ್ನು ಟಿಕ್ ಮಾಡಿ ಹಾಗೇ ಬಿಟ್ಟಿದ್ರೆ, ನೀವು ಎಷ್ಟೇ ಬರೆದರೂ ಗೂಗಲ್ ಬರಲ್ಲ. ಬೇಡ ಅಂದಿರೋದು ನೀವೇ ಅಲ್ವಾ!

ಸಾಕ್ಷಿ ಹೇಳೋರು ಯಾರು?

ಸರಿ, ನಮ್ಮ ಮೆಣಸಿನಕಾಯಿ ಸೈಟ್ ಇಂಡೆಕ್ಸ್ ಆಯ್ತು. ಆದ್ರೂ ‘ಬ್ಯಾಡಗಿ ಮೆಣಸಿನಕಾಯಿ’ ಅಂತ ಹುಡುಕಿದ್ರೆ ಅಮೆಜಾನ್, ಫ್ಲಿಪ್‌ಕಾರ್ಟ್, ವಿಕಿಪೀಡಿಯ ಬರ್ತವೆ. ಇವರದ್ದು ಬರಲ್ಲ. ಯಾಕೆ?

ಇದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1990ರ ದಶಕದ ಸರ್ಚ್ ಎಂಜಿನ್‌ಗಳು ಮುಖ್ಯವಾಗಿ ಪುಟದಲ್ಲಿರೋ ಪದಗಳನ್ನೇ ನೋಡ್ತಿದ್ವು. ಹಾಗಾಗಿ ಒಂದೇ ಪದವನ್ನು ನೂರು ಸಲ ತುರುಕಿದವರು ಮೇಲೆ ಬರ್ತಿದ್ರು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಓದ್ತಿದ್ದ ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್ ಬೇರೆ ದಾರಿ ಹಿಡಿದ್ರು. ಒಂದು ಪುಟ ತನ್ನ ಬಗ್ಗೆ ತಾನು ಏನು ಹೇಳ್ಕೊಳ್ಳುತ್ತೆ ಅನ್ನೋದಕ್ಕಿಂತ, ಬೇರೆಯವರು ಅದಕ್ಕೆ ಎಷ್ಟು ಲಿಂಕ್ ಕೊಟ್ಟಿದ್ದಾರೆ ಅನ್ನೋದನ್ನು ಲೆಕ್ಕ ಹಾಕೋಣ ಅಂದ್ರು. ಲಿಂಕ್ ಕೊಟ್ಟವರು ಯಾರು ಅನ್ನೋದಕ್ಕೂ ತೂಕ. ಇದೇ ಪೇಜ್‌ರ‍್ಯಾಂಕ್. 1998ರಲ್ಲಿ ಗೂಗಲ್ ಕಂಪನಿ ಶುರುವಾಗಿದ್ದು ಈ ಐಡಿಯಾ ಮೇಲೆ.

ಊರಿಗೆ ಹೊಸದಾಗಿ ಬಂದವರಿಗೆ ಕಿರಾಣಿ ಅಂಗಡಿಯವರು ಮೊದಲ ದಿನವೇ ಸಾಲ ಬರ್ಕೊಳ್ಳಲ್ಲ. ‘ಇವರು ನಮಗೆ ಗೊತ್ತು, ಕೊಡಿ’ ಅಂತ ಊರಿನ ಮೇಷ್ಟ್ರು ಹೇಳಿದ್ರೆ ಕೊಡ್ತಾರೆ. ಹೊಸಬರು ಕೆಟ್ಟವರು ಅಂತ ಅಂಗಡಿಯವರು ಹೇಳ್ತಿಲ್ಲ. ಪರಿಚಯ ಇಲ್ಲ, ಅಷ್ಟೇ. ಹೊಸ ವೆಬ್‌ಸೈಟ್‌ನ ಕಥೆಯೂ ಇದೇ. ಅದರ ಪರವಾಗಿ ಮಾತಾಡೋರು ಇನ್ನೂ ಯಾರೂ ಇಲ್ಲ.

ಹಾಗಾದ್ರೆ ಸಾಕ್ಷಿಗಳನ್ನೇ ದುಡ್ಡು ಕೊಟ್ಟು ತಂದ್ರೆ? ಜನ ಅದನ್ನೂ ಮಾಡಿದ್ರು. ಲಿಂಕ್ ಮಾರೋದೇ ಒಂದು ದಂಧೆ ಆಯ್ತು. ಅದಕ್ಕೆ ಗೂಗಲ್ 2012ರ ಏಪ್ರಿಲ್‌ನಲ್ಲಿ ಪೆಂಗ್ವಿನ್ ಅನ್ನೋ ಅಪ್‌ಡೇಟ್ ತಂತು. ಲಿಂಕ್ ಖರೀದಿಸಿ ಮೇಲೆ ಹೋಗಿದ್ದ ಸೈಟ್‌ಗಳು ರಾತ್ರೋರಾತ್ರಿ ಕೆಳಗೆ ಬಿದ್ವು. ಅಂದ್ರೆ, ವಂಚಕರ ಕಾಟದಿಂದ ಗೂಗಲ್ ಹುಷಾರಾಯ್ತು. ಆ ಹುಷಾರಿನ ಬಿಸಿ ಪ್ರಾಮಾಣಿಕ ಹೊಸಬರಿಗೂ ತಟ್ಟುತ್ತೆ. ಯಾಕಂದ್ರೆ ಸ್ಪ್ಯಾಮ್ ಮಾಡೋನೂ ಹೊಸ ಡೊಮೇನ್ ತಗೊಂಡೇ ಬರೋದು.

‘ಸ್ಯಾಂಡ್‌ಬಾಕ್ಸ್’ ಇದೆಯಾ, ಇಲ್ವಾ?

ಈ ವಿಷಯ ಓದಿರೋರು ‘ಸ್ಯಾಂಡ್‌ಬಾಕ್ಸ್’ ಅನ್ನೋ ಪದ ಕೇಳಿರ್ತೀರಿ. ಹೊಸ ಸೈಟ್‌ಗಳನ್ನು ಗೂಗಲ್ ಕೆಲವು ತಿಂಗಳು ಪಕ್ಕಕ್ಕೆ ಕೂರಿಸಿರುತ್ತೆ ಅನ್ನೋ ವಾದ ಇದು. 2004ರ ಸುಮಾರಿಗೆ ಸೈಟ್ ನಡೆಸೋರ ನಡುವೆ ಈ ಮಾತು ಹುಟ್ಟಿತು. ಹಾಗೇನೂ ಇಲ್ಲ ಅಂತ ಗೂಗಲ್ ಸಿಬ್ಬಂದಿ ಹಲವು ಸಲ ಹೇಳಿದ್ದಾರೆ.

2024ರ ಮೇ ತಿಂಗಳಲ್ಲಿ ಗೂಗಲ್‌ನ ಆಂತರಿಕ ತಾಂತ್ರಿಕ ದಾಖಲೆಗಳು ಸಾವಿರಾರು ಪುಟಗಳಷ್ಟು ಹೊರಬಂದ್ವು. ದಾಖಲೆಗಳು ತನ್ನವೇ ಅಂತ ಗೂಗಲ್ ಒಪ್ಕೊಂಡಿತು. ಅದರಲ್ಲಿ ‘ಹೋಸ್ಟ್ ಏಜ್’ ಅಂತ ಒಂದು ಅಂಶ ಇತ್ತು. ಹೊಸ ಸ್ಪ್ಯಾಮನ್ನು ಸ್ಯಾಂಡ್‌ಬಾಕ್ಸ್ ಮಾಡೋಕೆ ಇದು ಅನ್ನೋ ಅರ್ಥದ ವಿವರಣೆಯೂ ಪಕ್ಕದಲ್ಲಿತ್ತು. ಹಳೆಯ ಅಥವಾ ಅಪೂರ್ಣ ಮಾಹಿತಿ ನೋಡಿ ತೀರ್ಮಾನಕ್ಕೆ ಬರಬೇಡಿ ಅನ್ನೋದು ಗೂಗಲ್ ಉತ್ತರ.

ನನಗನಿಸೋದು ಇಷ್ಟು: ಎಲ್ಲ ಹೊಸ ಸೈಟ್‌ಗಳನ್ನೂ ಕೂಡಿಹಾಕೋ ಒಂದು ಕೋಣೆ ಇದೆ ಅನ್ನೋಕೆ ಪುರಾವೆ ಇಲ್ಲ. ಆದ್ರೆ ಹೊಸತನದ ಮೇಲೆ ಒಂದು ಕಣ್ಣಿದೆ ಅನ್ನೋದನ್ನು ತಳ್ಳಿಹಾಕೋಕೂ ಆಗಲ್ಲ.

ಹದಿಮೂರು ತಿಂಗಳ ನೆನಪು

ಇನ್ನೊಂದು ಕಾರಣ ಇದೆ. ಇದು ಗೊತ್ತಾಗಿದ್ದು ಕೋರ್ಟ್‌ನಲ್ಲಿ. ಗೂಗಲ್ ಏಕಸ್ವಾಮ್ಯದ ಬಗ್ಗೆ ಅಮೆರಿಕ ಸರ್ಕಾರ ಹೂಡಿದ್ದ ಮೊಕದ್ದಮೆಯ ವಿಚಾರಣೆ 2023ರಲ್ಲಿ ನಡೀತು. ಗೂಗಲ್ ಸರ್ಚ್‌ನ ಉಪಾಧ್ಯಕ್ಷ ಪಾಂಡು ನಾಯಕ್ ಸಾಕ್ಷ್ಯ ಹೇಳ್ತಾ ‘ನ್ಯಾವ್‌ಬೂಸ್ಟ್’ ಅನ್ನೋ ವ್ಯವಸ್ಥೆಯನ್ನು ವಿವರಿಸಿದ್ರು. ಜನ ಯಾವ ಫಲಿತಾಂಶದ ಮೇಲೆ ಕ್ಲಿಕ್ ಮಾಡಿದ್ರು ಅನ್ನೋದನ್ನು ಅದು ನೆನಪಿಟ್ಕೊಳ್ಳುತ್ತೆ. ಎಷ್ಟು ದಿನದ್ದು? ಹದಿಮೂರು ತಿಂಗಳದ್ದು.

ಈಗ ಯೋಚಿಸಿ. ಅಮೆಜಾನ್‌ನ ಪುಟಕ್ಕೆ ಹದಿಮೂರು ತಿಂಗಳ ಕ್ಲಿಕ್ ಲೆಕ್ಕ ಇದೆ. ನಮ್ಮ ಹಾವೇರಿಯ ಯುವತಿಯ ಪುಟಕ್ಕೆ ಸೊನ್ನೆ. ಮೇಲೆ ಇಲ್ಲದ ಕಾರಣ ಯಾರೂ ಕ್ಲಿಕ್ ಮಾಡಲ್ಲ. ಕ್ಲಿಕ್ ಇಲ್ಲದ ಕಾರಣ ಮೇಲೆ ಹೋಗೋದು ಕಷ್ಟ. ಅನುಭವ ಇಲ್ಲ ಅಂತ ಕೆಲಸ ಕೊಡಲ್ಲ, ಕೆಲಸ ಇಲ್ಲದೆ ಅನುಭವ ಬರಲ್ಲ ಅಂತೀವಲ್ಲ, ಅದೇ ಸಂಕಟ.

ಆ ಮೊಕದ್ದಮೆಯಲ್ಲಿ 2024ರ ಆಗಸ್ಟ್‌ನಲ್ಲಿ ನ್ಯಾಯಾಧೀಶ ಅಮಿತ್ ಮೆಹ್ತಾ ತೀರ್ಪು ಕೊಟ್ಟರು. ಸರ್ಚ್‌ನಲ್ಲಿ ಗೂಗಲ್ ತನ್ನ ಏಕಸ್ವಾಮ್ಯವನ್ನು ಕಾನೂನುಬಾಹಿರವಾಗಿ ಉಳಿಸ್ಕೊಂಡಿದೆ ಅಂತ ಹೇಳಿದ್ರು. ಹೆಚ್ಚು ಜನ ಬಳಸಿದಷ್ಟೂ ಹೆಚ್ಚು ಡೇಟಾ, ಹೆಚ್ಚು ಡೇಟಾದಿಂದ ಇನ್ನಷ್ಟು ಒಳ್ಳೇ ಸರ್ಚ್ ಅನ್ನೋ ಚಕ್ರ ಆ ವಿಚಾರಣೆಯ ಮುಖ್ಯ ವಿಷಯಗಳಲ್ಲಿ ಒಂದಾಗಿತ್ತು. ಬೇರೆ ಸರ್ಚ್ ಎಂಜಿನ್‌ಗಳು ಗೂಗಲ್ ಎದುರು ಅನುಭವಿಸೋ ಕಷ್ಟಕ್ಕೂ, ಹೊಸ ಸೈಟ್‌ಗಳು ಹಳೇ ಸೈಟ್‌ಗಳ ಎದುರು ಅನುಭವಿಸೋ ಕಷ್ಟಕ್ಕೂ ಹೋಲಿಕೆ ಇದೆ ನೋಡಿ.

ಹಾಗಾದ್ರೆ ಎಷ್ಟು ಕಾಯಬೇಕು?

ಏರೆಫ್ಸ್ ಅನ್ನೋ ಸರ್ಚ್ ವಿಶ್ಲೇಷಣಾ ಕಂಪನಿ 2017ರಲ್ಲಿ ಒಂದು ಅಧ್ಯಯನ ಮಾಡಿತ್ತು. ಅವರು ನೋಡಿದ ಪುಟಗಳಲ್ಲಿ ಒಂದು ವರ್ಷದೊಳಗೆ ಕನಿಷ್ಠ ಒಂದು ಹುಡುಕಾಟದಲ್ಲಾದ್ರೂ ಮೊದಲ ಹತ್ತರೊಳಗೆ ಬಂದಿದ್ದು ಶೇ 5.7ರಷ್ಟು ಮಾತ್ರ. ಮೊದಲ ಹತ್ತರಲ್ಲಿ ಇದ್ದ ಪುಟಗಳ ಸರಾಸರಿ ವಯಸ್ಸು ಎರಡು ವರ್ಷಕ್ಕೂ ಜಾಸ್ತಿ. ಇದು ಹಳೇ ಲೆಕ್ಕ ನಿಜ, ಅದರಲ್ಲಿ ಹಳೇ ಸೈಟ್‌ಗಳ ಹೊಸ ಪುಟಗಳೂ ಸೇರಿದ್ವು. ಆದ್ರೆ ಒಂದು ಅಂದಾಜು ಸಿಗುತ್ತೆ. ಗೂಗಲ್ ಕೂಡ 2017ರ ಒಂದು ವಿಡಿಯೊದಲ್ಲಿ, ಸರ್ಚ್‌ಗಾಗಿ ಮಾಡಿದ ಸುಧಾರಣೆಗಳ ಫಲ ಕಾಣೋಕೆ ಸಾಮಾನ್ಯವಾಗಿ ನಾಲ್ಕು ತಿಂಗಳಿಂದ ಒಂದು ವರ್ಷ ಬೇಕು ಅಂತ ಹೇಳಿತ್ತು.

ಈಗ ಆ ‘ಏಳು ದಿನದ ಗ್ಯಾರಂಟಿ’ ನೆನಪಿಸ್ಕೊಳ್ಳಿ. ನಂಬರ್ ಒನ್ ಸ್ಥಾನದ ಗ್ಯಾರಂಟಿ ಯಾರೂ ಕೊಡೋಕಾಗಲ್ಲ ಅಂತ ಗೂಗಲ್ ತನ್ನ ಮಾರ್ಗದರ್ಶಿಯಲ್ಲೇ ಬರೆದಿದೆ. ದುಡ್ಡು ಕೊಟ್ಟರೆ ಸಿಗೋದು ಜಾಹೀರಾತಿನ ಜಾಗ. ಅದರ ಮೇಲೆ ‘ಪ್ರಾಯೋಜಿತ’ ಅಂತ ಇರುತ್ತೆ, ದುಡ್ಡು ನಿಂತ ದಿನ ಅದೂ ನಿಲ್ಲುತ್ತೆ.

ಹಾಗಾದ್ರೆ ಗ್ಯಾರಂಟಿ ಕೊಡೋರು ಏನು ಮಾಡ್ತಾರೆ? ಕೆಲವರು ಯಾರೂ ಹುಡುಕದ ಉದ್ದನೆಯ ವಾಕ್ಯ ಒಂದನ್ನು ಆರಿಸ್ಕೊಂಡು, ಅದರಲ್ಲಿ ನಿಮ್ಮನ್ನು ಮೊದಲು ತೋರಿಸಿ ಸ್ಕ್ರೀನ್‌ಶಾಟ್ ಕಳಿಸ್ತಾರೆ. ಕೆಲವರು ಕಂತೆಗಟ್ಟಲೆ ಲಿಂಕ್ ಖರೀದಿಸ್ತಾರೆ. ಇನ್ನು ಕೆಲವರು ಅವಧಿ ಮುಗಿದ ಹಳೇ ಡೊಮೇನ್ ಕೊಂಡು ಅದರ ಹೆಸರಿನ ಬಲದಲ್ಲಿ ಓಡಿಸ್ತಾರೆ. 2024ರ ಮಾರ್ಚ್‌ನಲ್ಲಿ ಗೂಗಲ್ ಈ ಹಳೇ ಡೊಮೇನ್ ದುರ್ಬಳಕೆಯನ್ನು ಸ್ಪ್ಯಾಮ್ ಪಟ್ಟಿಗೆ ಸೇರಿಸ್ತು. ಸಿಕ್ಕಿಬಿದ್ದರೆ ನಷ್ಟ ಅವರಿಗಲ್ಲ, ನಿಮ್ಮ ಸೈಟ್‌ಗೆ. ಒಳ್ಳೇ ಕೆಲಸ ಮಾಡೋ ಎಸ್‌ಇಒ ತಜ್ಞರೂ ಇದ್ದಾರೆ. ಗುರುತಿಸೋಕೆ ಒಂದು ಪ್ರಶ್ನೆ ಕೇಳಿ: ‘ನನ್ನ ಸೈಟ್‌ನಲ್ಲಿ ಏನನ್ನು ಬದಲಾಯಿಸ್ತೀರಿ, ಯಾಕೆ?’ ಬಿಡಿಸಿ ಹೇಳಿದ್ರೆ ಮುಂದಕ್ಕೆ ಮಾತಾಡಿ. ‘ಅದು ನಮ್ಮ ಸೀಕ್ರೆಟ್’ ಅಂದ್ರೆ ಫೋನ್ ಇಡಿ.

ಕನ್ನಡದಲ್ಲಿ ಸುಲಭವೋ, ಕಷ್ಟವೋ?

ಎರಡೂ ಹೌದು. ಮೊದಲು ಕಷ್ಟ ನೋಡೋಣ.

ಕನ್ನಡದಲ್ಲಿ ಬರೆದಿದ್ದೆಲ್ಲ ಗೂಗಲ್‌ಗೆ ಓದೋಕಾಗುತ್ತೆ ಅಂತಿಲ್ಲ. ಯೂನಿಕೋಡ್‌ಗಿಂತ ಮುಂಚಿನ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಪಠ್ಯ ನಮ್ಮ ಕಣ್ಣಿಗೆ ಕನ್ನಡ, ಯಂತ್ರಕ್ಕೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಇವತ್ತಿಗೂ ಹಳೇ ಫೈಲ್‌ನಿಂದ ಕಾಪಿ ಮಾಡಿ ಹಾಕೋರು ಸಿಕ್ಕಿಕೊಳ್ಳೋದು ಇಲ್ಲೇ. ಯೂನಿಕೋಡ್‌ನಲ್ಲೇ ಇರಲಿ. ಹಾಗೇ, ವಾಟ್ಸ್‌ಆ್ಯಪ್‌ಗೆ ಮಾಡಿದ ಪೋಸ್ಟರ್‌ಗಳನ್ನೇ ಸೈಟ್‌ಗೂ ಹಾಕಿ ‘ಎಲ್ಲಾ ಬರೆದಿದ್ದೀನಲ್ಲ’ ಅನ್ಕೊಳ್ಳೋರಿದ್ದಾರೆ. ಚಿತ್ರದೊಳಗಿನ ಅಕ್ಷರದ ಮೇಲೆ ಭರವಸೆ ಇಡಬೇಡಿ. ಮುಖ್ಯ ಮಾಹಿತಿ ಪಠ್ಯವಾಗಿಯೇ ಇರಲಿ.

ಇನ್ನೊಂದು, ನಾವು ಕನ್ನಡಿಗರು ಹುಡುಕೋದು ಹಲವು ಥರ. ಒಬ್ಬರು ಕನ್ನಡ ಲಿಪಿಯಲ್ಲಿ, ಒಬ್ಬರು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ, ಮತ್ತೊಬ್ಬರು ಧ್ವನಿಯಲ್ಲಿ. ‘ಬ್ಯಾಡಗಿ’ ಅನ್ನೋರೂ ಇದ್ದಾರೆ, ‘ಬ್ಯಾಡಿಗೆ’ ಅನ್ನೋರೂ ಇದ್ದಾರೆ. ಜನ ಬಳಸೋ ರೂಪಗಳು ನಿಮ್ಮ ಪುಟದಲ್ಲಿ ಸಹಜವಾಗಿ ಬಂದ್ರೆ ಒಳ್ಳೇದು. ತುರುಕೋಕೆ ಹೋಗಬೇಡಿ.

ಇನ್ನು ಅವಕಾಶ. ಇಂಗ್ಲಿಷ್‌ನಲ್ಲಿ ಯಾವ ಪ್ರಶ್ನೆಗೂ ಸಾವಿರ ಉತ್ತರ ಇರುತ್ತೆ. ಕನ್ನಡದಲ್ಲಿ ಎಷ್ಟೋ ಪ್ರಶ್ನೆಗಳಿಗೆ ಒಂದೂ ಸರಿಯಾದ ಉತ್ತರ ಇಲ್ಲ. ಸಾಲೇ ಇಲ್ಲದ ಕಡೆ ಹೊಸಬರೂ ಮುಂದೆ ನಿಲ್ಲಬಹುದು.

ಖಾಲಿ ಜಾಗ ಹಾಗೇ ಬಿಟ್ಟರೆ ಏನಾಗುತ್ತೆ ಅನ್ನೋದಕ್ಕೆ ಒಂದು ಘಟನೆ ನಿಮಗೇ ನೆನಪಿರಬಹುದು. 2021ರ ಜೂನ್‌ನಲ್ಲಿ, ಭಾರತದ ಅತ್ಯಂತ ಕೆಟ್ಟ ಭಾಷೆ ಯಾವುದು ಅಂತ ಇಂಗ್ಲಿಷ್‌ನಲ್ಲಿ ಹುಡುಕಿದ್ರೆ ಗೂಗಲ್ ‘ಕನ್ನಡ’ ಅಂತ ತೋರಿಸ್ತು. ರಾಜ್ಯದಾದ್ಯಂತ ಆಕ್ರೋಶ ಎದ್ದಿತು, ಗೂಗಲ್ ಅದನ್ನು ತೆಗೆದು ಕ್ಷಮೆ ಕೇಳಿತು. ಹಾಗೆ ಬಂದಿದ್ದು ಯಾಕೆ? ನನ್ನ ಪ್ರಕಾರ, ಅಂಥ ಪ್ರಶ್ನೆಗೆ ಜವಾಬ್ದಾರಿ ಇರೋರು ಯಾರೂ ಉತ್ತರ ಬರೆಯಲ್ಲ. ಹಾಗಾಗಿ ಎಲ್ಲೋ ಮೂಲೆಯಲ್ಲಿದ್ದ ಪುಟ ಯಂತ್ರದ ಕೈಗೆ ಸಿಕ್ಕಿತು. ಸಂಶೋಧಕರು ಇಂಥ ಖಾಲಿ ಜಾಗಗಳಿಗೆ 2018ರಲ್ಲೇ ‘ಡೇಟಾ ವಾಯ್ಡ್’ ಅಂತ ಹೆಸರಿಟ್ಟಿದ್ದಾರೆ. ಔಷಧ, ಬೆಳೆ ರೋಗ, ಸರ್ಕಾರಿ ಯೋಜನೆ ಬಗ್ಗೆ ಕನ್ನಡದಲ್ಲಿ ಒಳ್ಳೇ ಪುಟ ಇಲ್ಲದಿದ್ರೆ, ಆ ಜಾಗದಲ್ಲೂ ಯಾವುದೋ ಒಂದು ಬಂದು ಕೂರುತ್ತೆ. ಅದನ್ನು ನಂಬಿ ಒಬ್ಬ ರೈತ ಔಷಧಿ ಹೊಡೀತಾನೆ. ಹಾಗಾಗಿ ಗೊತ್ತಿರೋರು ಬರೆಯೋದು, ಅದು ಹುಡುಕಿದವರಿಗೆ ಸಿಗೋ ಹಾಗೆ ಮಾಡೋದು ಬರೀ ವ್ಯಾಪಾರದ ಮಾತಲ್ಲ.

ಹಾಗಾದ್ರೆ ಏನು ಮಾಡಬೇಕು?

ಮತ್ತೆ ಹಾವೇರಿಗೆ ಬರೋಣ. ಆ ಯುವತಿ ‘ಬ್ಯಾಡಗಿ ಮೆಣಸಿನಕಾಯಿ’ ಅನ್ನೋ ಎರಡು ಪದಕ್ಕೆ ಅಮೆಜಾನ್ ಜೊತೆ ಗುದ್ದಾಡೋದು ಬೇಡ. ಅವರಿಗೆ ಗೊತ್ತಿರೋದು, ಅಮೆಜಾನ್‌ಗೆ ಗೊತ್ತಿಲ್ಲದ್ದು ಬಹಳ ಇದೆ. ಬ್ಯಾಡಗಿಯಲ್ಲಿ ಕಡ್ಡಿ ಮತ್ತು ಡಬ್ಬಿ ಅಂತ ಎರಡು ಬಗೆ. ಕಡ್ಡಿ ಸಣ್ಣಗೆ ಉದ್ದ, ಬೀಜ ಕಡಿಮೆ. ಡಬ್ಬಿ ದಪ್ಪ, ಬೀಜ ಜಾಸ್ತಿ. ಸಾರಿನ ಪುಡಿಗೆ ಕೆಂಪು ಬರಬೇಕು, ಖಾರ ಮಿತಿಯಲ್ಲಿರಬೇಕು ಅಂದ್ರೆ ಬ್ಯಾಡಗಿ ಎಷ್ಟು, ಗುಂಟೂರು ಎಷ್ಟು? ಮಳೆಗಾಲದಲ್ಲಿ ಮೆಣಸಿನಕಾಯಿಗೆ ಬೂಷ್ಟು ಹಿಡಿಯದ ಹಾಗೆ ಇಡೋದು ಹೇಗೆ? ಬಣ್ಣ ಬೆರೆಸಿದ ಪುಡಿಯ ಬಗ್ಗೆ ಮನೆಯಲ್ಲಿ ಅನುಮಾನ ಬಂದ್ರೆ ಏನು ನೋಡಬೇಕು? ಒಂದೊಂದು ಪ್ರಶ್ನೆಗೂ ಒಂದು ಪುಟ. ತಾವೇ ತೆಗೆದ ಫೋಟೊ. ತಮ್ಮ ಮನೆಯ ಅಳತೆ.

ಪ್ರತಿದಿನ ಗೂಗಲ್‌ಗೆ ಬರೋ ಹುಡುಕಾಟಗಳಲ್ಲಿ ಶೇ 15ರಷ್ಟು ಹಿಂದೆಂದೂ ಬಂದಿರದಂಥವು ಅಂತ ಗೂಗಲ್ ಹೇಳ್ತಾ ಬಂದಿದೆ. ಅಂದ್ರೆ ಹೊಸ ಪ್ರಶ್ನೆಗಳು ಹುಟ್ತಾನೇ ಇರ್ತವೆ. ಅವಕ್ಕೆ ಹದಿಮೂರು ತಿಂಗಳ ಕ್ಲಿಕ್ ಲೆಕ್ಕ ಯಾರ ಹತ್ರಾನೂ ಇಲ್ಲ. ಸಣ್ಣ ಪ್ರಶ್ನೆಯಲ್ಲಿ ಕಾಣಿಸಿಕೊಂಡ್ರೆ ಒಂದಿಷ್ಟು ಜನ ಬರ್ತಾರೆ. ಅವರಲ್ಲಿ ಯಾರೋ ಒಬ್ಬರು ತಮ್ಮ ಅಡುಗೆ ಸೈಟ್‌ನಿಂದ ಲಿಂಕ್ ಕೊಡ್ತಾರೆ. ದುಡ್ಡು ಕೊಡದೆ ಸಿಕ್ಕ ಆ ಸಾಕ್ಷಿಗೆ ಬೆಲೆ ಜಾಸ್ತಿ.

ಎರಡನೇದು, ಮೊಬೈಲ್. ಗೂಗಲ್ ಈಗ ನಿಮ್ಮ ಸೈಟ್‌ನ ಮೊಬೈಲ್ ರೂಪವನ್ನೇ ಮೊದಲು ಓದುತ್ತೆ. 2016ರಲ್ಲಿ ಘೋಷಿಸಿದ ಈ ಬದಲಾವಣೆ 2023ರಲ್ಲಿ ಪೂರ್ತಿಯಾಯ್ತು. ಕಡಿಮೆ ಬೆಲೆಯ ಫೋನ್‌ನಲ್ಲಿ, ನೆಟ್‌ವರ್ಕ್ ಸರಿ ಇಲ್ಲದ ಊರಲ್ಲಿ ನಿಮ್ಮ ಪುಟ ತೆರೆದು ನೋಡಿ. ತೆರೆಯೋಕೆ ಹತ್ತು ಸೆಕೆಂಡ್ ಬೇಕಾದ್ರೆ ಓದುಗರು ಅಷ್ಟು ಹೊತ್ತು ಇರಲ್ಲ.

ಮೂರನೇದು, ಅಂಗಡಿಯೋ ಸೇವೆಯೋ ಇದ್ರೆ ಗೂಗಲ್ ಬಿಸಿನೆಸ್ ಪ್ರೊಫೈಲ್ ಮಾಡ್ಕೊಳ್ಳಿ. ಅದೂ ಉಚಿತ. ಹತ್ತಿರದ ಜನ ಹುಡುಕಿದಾಗ ಮ್ಯಾಪ್‌ನಲ್ಲಿ ಕಾಣಿಸಿಕೊಳ್ಳೋದು ದೊಡ್ಡ ಸೈಟ್‌ಗಳನ್ನು ದಾಟೋದಕ್ಕಿಂತ ಸುಲಭ.

ನಾಲ್ಕನೇದು, ಗೂಗಲ್ ಒಂದನ್ನೇ ನಂಬಬೇಡಿ. 2024ರ ಆಗಸ್ಟ್‌ನಿಂದ ಭಾರತದಲ್ಲೂ ಸರ್ಚ್‌ನ ಮೇಲ್ಗಡೆ ಎಐ ಬರೆದ ಉತ್ತರ ಕಾಣಿಸೋಕೆ ಶುರುವಾಗಿದೆ. ಉತ್ತರ ಅಲ್ಲೇ ಸಿಕ್ಕಿದ್ರೆ ಎಷ್ಟೋ ಜನ ಸೈಟ್‌ವರೆಗೂ ಬರಲ್ಲ. ಮೊದಲ ಸ್ಥಾನ ಸಿಕ್ಕಿದ್ರೂ ಮೊದಲಿನಷ್ಟು ಜನ ಬರ್ತಾರೆ ಅನ್ನೋ ಭರವಸೆ ಈಗಿಲ್ಲ. ವಾಟ್ಸ್‌ಆ್ಯಪ್ ಗುಂಪು, ಯೂಟ್ಯೂಬ್, ಒಮ್ಮೆ ಕೊಂಡವರ ಫೋನ್ ನಂಬರ್, ಇವು ನಿಮ್ಮ ಕೈಯಲ್ಲಿರೋ ದಾರಿಗಳು. ಜನ ಆ ದಾರಿಯಲ್ಲಿ ಬಂದು ನಿಮ್ಮ ಸೈಟ್‌ನ ಹೆಸರನ್ನೇ ಗೂಗಲ್‌ನಲ್ಲಿ ಹುಡುಕೋ ಹಾಗಾದ್ರೆ ಅದಕ್ಕಿಂತ ಒಳ್ಳೇ ಪರಿಚಯ ಇನ್ನೊಂದಿಲ್ಲ.

ಕೊನೇದಾಗಿ, ಒಂದು ಕ್ಯಾಲೆಂಡರ್ ಇಟ್ಕೊಳ್ಳಿ. ಮೊದಲ ತಿಂಗಳು ಇಂಡೆಕ್ಸ್ ಆಗಿದೆಯಾ ಅಂತ ಮಾತ್ರ ನೋಡಿ. ಮೂರು–ನಾಲ್ಕು ತಿಂಗಳಾದ ಮೇಲೆ ಸರ್ಚ್ ಕನ್ಸೋಲ್‌ನಲ್ಲಿ ‘ಇಂಪ್ರೆಷನ್’ ಅನ್ನೋ ಸಂಖ್ಯೆ ನೋಡಿ. ಕ್ಲಿಕ್ ಇಲ್ಲದಿದ್ರೂ ಅದು ಏರ್ತಾ ಇದ್ರೆ ಗೂಗಲ್ ನಿಮ್ಮನ್ನು ಅಲ್ಲಲ್ಲಿ ತೋರಿಸ್ತಿದೆ ಅಂತ ಅರ್ಥ. ಯಾವ ಪ್ರಶ್ನೆಗೆ ತೋರಿಸ್ತಿದೆ ಅಂತ ನೋಡಿ, ಆ ಪುಟವನ್ನು ಇನ್ನೂ ಚೆನ್ನಾಗಿ ಮಾಡಿ. ಮುಂದುವರಿಸಬೇಕಾ, ಬಿಡಬೇಕಾ ಅನ್ನೋ ನಿರ್ಧಾರವನ್ನು ಒಂದು ವರ್ಷ ತುಂಬಿದ ಮೇಲೆ ಮಾಡಿ. ಎರಡು ತಿಂಗಳಿಗೆ ಮಾಡಬೇಡಿ.

ಇದು ಪೂರ್ತಿ ನ್ಯಾಯವಾದ ಆಟ ಅಂತ ನಾನು ಹೇಳಲ್ಲ. ಹಳಬರಿಗೆ ಅನುಕೂಲ ಇದೆ, ಅದು ಕೋರ್ಟ್‌ವರೆಗೂ ಹೋಗಿರೋ ಮಾತು. ಆದ್ರೆ ಎರಡು ತಿಂಗಳಲ್ಲಿ ಕಾಣಿಸಿಲ್ಲ ಅನ್ನೋದು ನಿಮ್ಮ ಕೆಲಸಕ್ಕೆ ಸಿಕ್ಕ ಮಾರ್ಕ್ಸ್ ಅಲ್ಲ. ನಿಮ್ಮ ಉತ್ತರ ಪತ್ರಿಕೆಯನ್ನು ಇನ್ನೂ ಯಾರೂ ತೆರೆದೇ ಇಲ್ಲ.

ನಿಮ್ಮ ಸೈಟ್ ಬಗ್ಗೆ ಪ್ರಶ್ನೆ ಇದ್ರೆ ವಾಯ್ಸ್ ನೋಟ್ ಕಳಿಸಿ, ಮುಂದಿನ ಸಂಚಿಕೆಗಳಲ್ಲಿ ತಗೊಳ್ಳೋಣ. ಹದಿನೈದು ಸಾವಿರದ ಗ್ಯಾರಂಟಿ ಫೋನ್ ಬಂದಿರೋ ಗೆಳೆಯರಿಗೆ ಈ ಸಂಚಿಕೆ ಫಾರ್ವರ್ಡ್ ಮಾಡಿ.